ಆರು ವರ್ಷ ಎಲ್ಲಿದ್ದಳು ಆ ತಂಗಿ?

ಕಳೆದ ಡಿಸೆಂಬರ್‌ನಲ್ಲಿ ಕಾಲು ಉಳುಕಿ ಮಂಚ ಹಿಡಿದಿದ್ದ ನಮ್ಮ ದೊಡ್ಡಮ್ಮನಿಗೆ ಮಧ್ಯಾಹ್ನದ ಹೊತ್ತು ಕಥೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನ ಅವರ ಕಾದಂಬರಿಗಳನ್ನೆಲ್ಲ ಬಾಡಿಗೆ ಲೈಬ್ರರಿಯಿಂದ ತಂದು ಒಲೆ ಮುಂದೆ ಕೂತು ಓದಿ ಮುಗಿಸಿದವರು ಅವರು. ಈಗ ಕಣ್ಣು ಮಂಜು. ಕ್ರಿಸ್ಮಸ್ ಹತ್ತಿರ ಬಂದಿತ್ತಲ್ಲ, ಆ ಕಾಲಕ್ಕೆ ಹೊಂದುವ ಒಂದು ಕಥೆ ಇರಲೆಂದು ಚಾರ್ಲ್ಸ್ ಡಿಕನ್ಸ್‌ನ ‘ದಿ ಬ್ಯಾಟಲ್ ಆಫ್ ಲೈಫ್’ ಕಿರುಕಾದಂಬರಿಯನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಬದುಕಿನ ಕದನ. ಪುಸ್ತಕದ ಮುಖಪುಟದಲ್ಲೇ ‘ಒಂದು ಪ್ರೇಮಕಥೆ’ ಎಂಬ ಅಡಿಬರಹವಿದೆ.

ಒಬ್ಬ ಡಾಕ್ಟರು, ಇಬ್ಬರು ಹೆಣ್ಣುಮಕ್ಕಳು. ಅಕ್ಕ ಗ್ರೇಸ್, ತಂಗಿ ಮೇರಿಯನ್. ಅವರ ಮನೆಯಲ್ಲೇ ಬೆಳೆದ ಹುಡುಗ ಆಲ್ಫ್ರೆಡ್‌ಗೂ ತಂಗಿಗೂ ಮದುವೆಯ ಮಾತಾಗಿದೆ. ಅವನು ವೈದ್ಯ ವಿದ್ಯೆ ಕಲಿಯಲು ಮೂರು ವರ್ಷ ಪರದೇಶಕ್ಕೆ ಹೋಗುತ್ತಾನೆ. ಹಿಂತಿರುಗಿ ಬರುವ ರಾತ್ರಿ ಮನೆ ತುಂಬ ದೀಪ, ಸಂಗೀತ, ಕುಣಿತ. ಅವನು ಹೊಸ್ತಿಲು ತುಳಿಯುವ ಗಳಿಗೆಗೆ ತಂಗಿ ಮನೆಯಲ್ಲಿಲ್ಲ. ಸಾಲ ಮಾಡಿಕೊಂಡು ಊರು ಬಿಡುತ್ತಿರುವ ಮೈಕೆಲ್ ವಾರ್ಡನ್ ಎಂಬ ಜಮೀನುದಾರನ ಜೊತೆ ಓಡಿಹೋದಳೆಂದು ಎಲ್ಲರೂ ನಂಬುತ್ತಾರೆ. ಆರು ವರ್ಷ ಕಳೆಯುತ್ತದೆ. ಅಷ್ಟರಲ್ಲಿ ಆಲ್ಫ್ರೆಡ್ ಅಕ್ಕನನ್ನು ಮದುವೆಯಾಗಿದ್ದಾನೆ, ಹುಟ್ಟಿದ ಮಗಳಿಗೆ ಮೇರಿಯನ್ ಎಂದೇ ಹೆಸರಿಟ್ಟಿದ್ದಾರೆ. ಆಗ ತಂಗಿ ಮರಳಿ ಬಂದು ನಿಜ ಹೇಳುತ್ತಾಳೆ. ಅವಳು ಯಾರ ಜೊತೆಗೂ ಓಡಿಹೋಗಿರಲಿಲ್ಲ. ಅಕ್ಕನ ಮನಸ್ಸಿನಲ್ಲಿ ಆಲ್ಫ್ರೆಡ್ ಇದ್ದಾನೆಂದು ತಿಳಿದು, ಅವರಿಬ್ಬರೂ ಒಂದಾಗಲೆಂದು ಸೋದರತ್ತೆಯ ಮನೆಯಲ್ಲಿ ಅಡಗಿದ್ದಳು.

ಇಷ್ಟು ಹೇಳಿ ನಿಲ್ಲಿಸಿದೆ. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಅಲ್ವೇ, ಬಿಟ್ಟುಕೊಟ್ಟಳು ಬಿಟ್ಟುಕೊಟ್ಟಳು ಅಂತೀಯ. ಆ ಹುಡುಗನ್ನ ಒಂದು ಮಾತು ಕೇಳಿದ್ಲೇನೆ? ಅಕ್ಕನ್ನ ಕೇಳಿದ್ಲಾ? ಬಿಟ್ಟುಕೊಡೋಕೆ ಅವನೇನು ಸೀರೇನೇ?” ಅಂದರು.

ಅವರ ಮಾತು ಕೇಳಿ ನನಗೆ ಮೈ ಜುಮ್ಮೆಂದಿತು. ಈ ಪುಸ್ತಕ ಅಂಗಡಿಗೆ ಬಂದದ್ದು 1846ರ ಡಿಸೆಂಬರ್ 19ರಂದು. ಅಂದಿನಿಂದ ಇಂದಿನವರೆಗೆ ಇದನ್ನು ಓದಿದವರೆಲ್ಲ ಎಡವುವ ಕಲ್ಲು ಇದೊಂದೇ. ವಿಮರ್ಶಕರು ಅದಕ್ಕೆ ಬೇರೆ ಬೇರೆ ಹೆಸರು ಕೊಟ್ಟಿದ್ದಾರೆ, ನಂಬಲಾಗದ ಕಥೆ ಎಂದರು, ಅತಿ ಭಾವುಕ ಎಂದರು. ಮೈಸೂರಿನ ಒಂದು ಮನೆಯ ಮಂಚದ ಮೇಲಿಂದ ಬಂದ ಮಾತು ಅವರೆಲ್ಲರಿಗಿಂತ ನೇರವಾಗಿ ಗುರಿ ಮುಟ್ಟಿತೆಂದು ನನಗನ್ನಿಸುತ್ತದೆ. ಅಲ್ಲಿಂದ ಹಿಡಿದು ಈ ಪುಸ್ತಕವನ್ನೂ ಅದರ ಓದುಗರನ್ನೂ ಮತ್ತೆ ನೋಡತೊಡಗಿದೆ.

ಹಬ್ಬಕ್ಕೊಂದು ಪುಸ್ತಕ ಎಂಬ ಪದ್ಧತಿ ಕನ್ನಡಿಗರಿಗೆ ಹೊಸದಲ್ಲ. ದೀಪಾವಳಿ, ಯುಗಾದಿ ಬಂತೆಂದರೆ ಪತ್ರಿಕೆಗಳ ವಿಶೇಷಾಂಕ ಬರಬೇಕು, ಅದರಲ್ಲಿ ಬಹುಮಾನ ಪಡೆದ ಕಥೆಗಳಿರಬೇಕು. ಎಣ್ಣೆಸ್ನಾನ, ಹೋಳಿಗೆ ಊಟ ಮುಗಿದ ಮೇಲೆ ಚಾಪೆಯ ಮೇಲೆ ಅಡ್ಡಾಗಿ ಓದುವುದಕ್ಕೆಂದೇ ಬರೆದ ಬರಹ ಅದು. ಇಂಗ್ಲೆಂಡಿನಲ್ಲಿ ಈ ಪದ್ಧತಿಗೆ ಜನಪ್ರಿಯತೆಯ ಬಿರುಗಾಳಿ ತಂದುಕೊಟ್ಟದ್ದು 1843ರಲ್ಲಿ ಡಿಕನ್ಸ್ ಬರೆದ ‘ಎ ಕ್ರಿಸ್ಮಸ್ ಕ್ಯಾರಲ್’. ಅದು ಕೂಡ ಡಿಸೆಂಬರ್ 19ರಂದೇ ಬಂತು. ಬೆಲೆ ಐದು ಶಿಲ್ಲಿಂಗ್. ಆರು ಸಾವಿರ ಪ್ರತಿ ಹಬ್ಬದ ಹಿಂದಿನ ದಿನದೊಳಗೆ ಖರ್ಚಾಯಿತು. ಆದರೆ ಬಣ್ಣದ ಚಿತ್ರ, ಚಿನ್ನದ ಅಂಚು, ಒಳ್ಳೆಯ ರಟ್ಟು ಬೇಕೆಂದು ಡಿಕನ್ಸ್ ಹಟ ಹಿಡಿದಿದ್ದ. ಸಾವಿರ ಪೌಂಡ್ ಬಂದೀತೆಂದು ಕಾದವನಿಗೆ ಆ ಆರು ಸಾವಿರ ಪ್ರತಿಗಳಿಂದ ಕೈಗೆ ಬಂದದ್ದು ಸುಮಾರು 230 ಪೌಂಡ್. ಆದರೂ ಓದುಗರು ಹಬ್ಬಕ್ಕೆ ಕಾಯತೊಡಗಿದರು. 1844ರಲ್ಲಿ ‘ದಿ ಚೈಮ್ಸ್’, 1845ರಲ್ಲಿ ‘ದಿ ಕ್ರಿಕೆಟ್ ಆನ್ ದಿ ಹಾರ್ತ್’ ಬಂದವು. ನಾಲ್ಕನೆಯದು ಈ ‘ಬ್ಯಾಟಲ್ ಆಫ್ ಲೈಫ್’.

ಅದನ್ನು ಬರೆಯುವಾಗ ಅವನು ಪಟ್ಟ ಪಾಡು ದೊಡ್ಡದು. 1846ರ ಬೇಸಿಗೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಸ್ವಿಟ್ಜರ್ಲೆಂಡಿನ ಲೋಸಾನ್‌ಗೆ ಹೋಗಿದ್ದ. ಎದುರಿಗೆ ಸರೋವರ, ಆಚೆ ಹಿಮದ ಬೆಟ್ಟ. ಅಲ್ಲೇ ‘ಡಾಂಬಿ ಅಂಡ್ ಸನ್’ ಎಂಬ ದೊಡ್ಡ ಕಾದಂಬರಿಯನ್ನೂ ಶುರು ಮಾಡಿದ, ಅದು ಅಕ್ಟೋಬರ್‌ನಿಂದ ತಿಂಗಳು ತಿಂಗಳು ಕಂತಾಗಿ ಬರಬೇಕಿತ್ತು. ಒಂದೇ ತಲೆಯಲ್ಲಿ ಎರಡು ಕಥೆ ಒಟ್ಟಿಗೆ ಆರಂಭವಾದವು. ರಾತ್ರಿ ಹೊತ್ತು ಲಂಡನ್ನಿನ ಜನನಿಬಿಡ ಬೀದಿಗಳಲ್ಲಿ ಮೈಲಿಗಟ್ಟಲೆ ಅಲೆದು ಬಂದರೆ ಮಾತ್ರ ಅವನಿಗೆ ಬರೆಯಲು ಕೈ ಬರುತ್ತಿತ್ತು. ಆ ಬೀದಿ ಇಲ್ಲಿರಲಿಲ್ಲ. ತಲೆನೋವು ಹೆಚ್ಚಾಗಿ ಕೆಲವು ದಿನ ಜಿನೀವಾಕ್ಕೆ ಓಡಿದ. ಈ ವರ್ಷ ಕ್ರಿಸ್ಮಸ್ ಪುಸ್ತಕವೇ ಬೇಡ ಎಂದು ಕೈಚೆಲ್ಲುವ ಮಟ್ಟಕ್ಕೆ ಬಂದು, ಗೆಳೆಯ ಜಾನ್ ಫಾರ್ಸ್ಟರ್‌ಗೆ ಹಾಗೆಂದು ಬರೆದೂ ಬಿಟ್ಟ. ಕೊನೆಗೆ ಅಕ್ಟೋಬರ್ ನಡುವಿನಲ್ಲಿ ಹೇಗೋ ಮುಗಿಸಿದ. ಪುಸ್ತಕವನ್ನು ಸ್ವಿಟ್ಜರ್ಲೆಂಡಿನಲ್ಲಿದ್ದ ತನ್ನ ಇಂಗ್ಲಿಷ್ ಗೆಳೆಯರಿಗೆ ಅರ್ಪಿಸಿದ.

ಹಿಂದಿನ ಮೂರು ಪುಸ್ತಕಗಳಲ್ಲಿ ದೆವ್ವವೋ ಗಂಟೆಯ ಭೂತವೋ ಮನೆ ಕಾಯುವ ಕಿನ್ನರಿಯೋ ಇತ್ತು. ಇದರಲ್ಲಿ ಅಂಥದ್ದೇನೂ ಇಲ್ಲ. ಐದು ಕ್ರಿಸ್ಮಸ್ ಪುಸ್ತಕಗಳಲ್ಲಿ ಅಲೌಕಿಕದ ಸೋಂಕಿಲ್ಲದ್ದು ಇದೊಂದೇ. ಕಾಲವೂ ಬೇರೆ, ಓದುಗರ ಅಜ್ಜ ಮುತ್ತಜ್ಜಂದಿರ ಕಾಲ. ಚಿತ್ರಕಾರರಿಗೆ ಅವನು ಕೊಟ್ಟ ಸೂಚನೆ ಸ್ಪಷ್ಟವಾಗಿತ್ತು: ಪಾತ್ರಗಳ ಉಡುಪು ಆಲಿವರ್ ಗೋಲ್ಡ್‌ಸ್ಮಿತ್ ಬದುಕಿದ್ದ ಹದಿನೆಂಟನೆಯ ಶತಮಾನದ್ದಾಗಿರಲಿ. ಹೀಗೆ ಹಬ್ಬದ ಪುಸ್ತಕ, ಗತಕಾಲದ ಉಡುಪು, ಪ್ರೇಮದ ಕಥೆ, ಕಿರುಕಾದಂಬರಿಯ ಅಳತೆ, ಈ ನಾಲ್ಕೂ ಒಂದೇ ರಟ್ಟಿನೊಳಗೆ ಸೇರಿದವು. ಇಂದು ಪ್ರತಿ ಡಿಸೆಂಬರ್‌ನಲ್ಲಿ ಇಂಗ್ಲೆಂಡು ಅಮೆರಿಕಗಳ ಪುಸ್ತಕದಂಗಡಿಯಲ್ಲಿ ಸಾಲಾಗಿ ಬಂದು ಕೂರುವ ಐತಿಹಾಸಿಕ ಕ್ರಿಸ್ಮಸ್ ಪ್ರೇಮಕಥೆಗಳಿಗೆ ಇದನ್ನು ಹಿರಿಯಕ್ಕ ಎನ್ನಬಹುದು.

ಮಾರಾಟದಲ್ಲಿ ಯಾವ ಕೊರತೆಯೂ ಆಗಲಿಲ್ಲ. ಕೆಂಪು ಬಟ್ಟೆಯ ರಟ್ಟಿನ ಈ ಪುಟ್ಟ ಪುಸ್ತಕ ಮೊದಲಲ್ಲೇ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪ್ರತಿ ಹೋಯಿತು. ಅದೇ ಡಿಸೆಂಬರ್‌ನಲ್ಲಿ ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ಆಲ್ಬರ್ಟ್ ಸ್ಮಿತ್ ಮಾಡಿದ ನಾಟಕರೂಪ ಆಡಿದರು. ತಾಲೀಮು ನೋಡಲು ಡಿಕನ್ಸ್ ಪ್ಯಾರಿಸ್ಸಿನಿಂದ ಬಂದಿದ್ದ. ಆದರೆ ಕೊಂಡವರೆಲ್ಲ ಮೆಚ್ಚಿದರೇ? 1847ರ ಜನವರಿಯಲ್ಲಿ ‘ದಿ ಟೈಮ್ಸ್’ ಪತ್ರಿಕೆ ಪುಸ್ತಕವನ್ನು ಕಟುವಾಗಿ ಹಳಿಯಿತು. ಪ್ಯಾರಿಸ್ಸಿನಲ್ಲಿದ್ದ ಡಿಕನ್ಸ್‌ಗೆ ಆ ಸುದ್ದಿ ಮುಟ್ಟಿ ಬರೆಯುವ ಕೈ ಕಟ್ಟಿಹೋಯಿತು. ರಾತ್ರಿಯಿಡೀ ಟೈಮ್ಸ್ ಪತ್ರಿಕೆಗಳೇ ಕನಸಿನಲ್ಲಿ ಬಂದವೆಂದೂ, ನ್ಯೂಜಿಲೆಂಡಿಗೆ ಹೋಗಿ ಒಂದು ಪತ್ರಿಕೆ ಶುರು ಮಾಡೋಣವೆನಿಸುತ್ತಿದೆಯೆಂದೂ ಫಾರ್ಸ್ಟರ್‌ಗೆ ಬರೆದ. ಸಾವಿರಾರು ಜನ ಕೊಂಡ ಪುಸ್ತಕದ ಲೇಖಕನಿಗೂ ಒಬ್ಬ ಓದುಗನ ಬೈಗುಳ ಎಷ್ಟು ಆಳಕ್ಕೆ ಇಳಿಯುತ್ತದೆ ನೋಡಿ.

ಈ ಪುಸ್ತಕದ ಮೊದಲ ಓದುಗರಲ್ಲಿ ಒಬ್ಬನ ಕಥೆಯನ್ನು ನಾನು ವಿಶೇಷವಾಗಿ ಹೇಳಲೇಬೇಕು. ಅವನು ಜಾನ್ ಲೀಚ್, ‘ಕ್ಯಾರಲ್’ಗೆ ಚಿತ್ರ ಬರೆದು ಹೆಸರಾಗಿದ್ದ ಕಲಾವಿದ. ಈ ಬಾರಿ ಡೇನಿಯಲ್ ಮ್ಯಾಕ್ಲೀಸ್, ಕ್ಲಾರ್ಕ್‌ಸನ್ ಸ್ಟ್ಯಾನ್‌ಫೀಲ್ಡ್, ರಿಚರ್ಡ್ ಡಾಯಲ್ ಜೊತೆ ಅವನೂ ಇದ್ದ. ಲೇಖಕ ಪರದೇಶದಲ್ಲಿ, ಚಿತ್ರಕಾರರು ಲಂಡನ್ನಿನಲ್ಲಿ, ನಡುವೆ ಮೇಲ್ವಿಚಾರಣೆಗೆ ಫಾರ್ಸ್ಟರ್. ಆಲ್ಫ್ರೆಡ್ ಮರಳುವ ರಾತ್ರಿಯ ದೃಶ್ಯಕ್ಕೆ ಲೀಚ್ ಒಂದು ಚಿತ್ರ ಬರೆದ: ಪುಟದ ಮೇಲ್ಭಾಗದಲ್ಲಿ ಮನೆಯೊಳಗಿನ ಕುಣಿತ, ಕೆಳಗೆ ಮೇರಿಯನ್‌ಳನ್ನು ಕರೆದುಕೊಂಡು ಹೋಗುತ್ತಿರುವ ವಾರ್ಡನ್. ಕಥೆಯ ಪ್ರಕಾರ ಆ ರಾತ್ರಿ ವಾರ್ಡನ್ ಅವಳ ಜೊತೆಗಿರಲೇ ಇಲ್ಲ. ಲೀಚ್ ಪುಸ್ತಕದೊಳಗಿನ ಊರವರಂತೆ ಓಡಿಹೋದಳೆಂದೇ ನಂಬಿಬಿಟ್ಟ. ಡಿಕನ್ಸ್ ಚಿತ್ರ ನೋಡುವ ಹೊತ್ತಿಗೆ ತಿದ್ದುವ ಕಾಲ ಮೀರಿತ್ತು. ಅವನಿಗೆ ಎದೆ ಒಡೆದಂತಾಯಿತು, ಆದರೂ ಲೀಚ್ ನೊಂದುಕೊಂಡಾನೆಂದು ಅವನಿಗೆ ಒಂದು ಮಾತೂ ಹೇಳಲಿಲ್ಲ. ಇಂದಿಗೂ ಹಳೆಯ ಚಿತ್ರಗಳಿರುವ ಪ್ರತಿಗಳಲ್ಲಿ ಆ ತಪ್ಪು ಹಾಗೇ ಉಳಿದಿದೆ.

ಇದನ್ನು ಚಿತ್ರಕಾರನ ಅಜಾಗರೂಕತೆ ಎಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೇರಿಯನ್ ಮನೆ ಬಿಡುವುದಕ್ಕೆ ಮುಂಚೆ ವಾರ್ಡನ್‌ನನ್ನು ಗುಟ್ಟಾಗಿ ಕಾಣುವುದನ್ನು ಡಿಕನ್ಸ್ ತೋರಿಸುತ್ತಾನೆ, ಅವಳ ಕಣ್ಣೀರು ತೋರಿಸುತ್ತಾನೆ, ಅವಳ ಮನಸ್ಸಿನಲ್ಲೇನಿದೆ ಎಂಬುದನ್ನು ಮಾತ್ರ ತೋರಿಸುವುದಿಲ್ಲ. ಓದುಗನನ್ನು ಕೈಹಿಡಿದು ತಪ್ಪು ದಾರಿಗೆ ಕರೆದೊಯ್ದದ್ದು ಲೇಖಕನೇ. ಲೀಚ್ ಆ ದಾರಿಯಲ್ಲಿ ನಂಬಿಕೆಯಿಂದ ನಡೆದ, ಅಷ್ಟೇ.

ಪ್ರೇಮಕಥೆಯ ಓದುಗರು ಇಂಥ ಗುಟ್ಟನ್ನು ಸಹಿಸುವುದಿಲ್ಲವೆಂಬುದು ಅಧ್ಯಯನದಿಂದಲೂ ತಿಳಿದ ಸಂಗತಿ. ಜಾನಿಸ್ ರ‍್ಯಾಡ್ವೇ ಎಂಬ ಅಮೆರಿಕದ ವಿದ್ವಾಂಸೆ 1984ರಲ್ಲಿ ‘ರೀಡಿಂಗ್ ದಿ ರೋಮ್ಯಾನ್ಸ್’ ಎಂಬ ಪುಸ್ತಕ ಬರೆದರು. ಅಮೆರಿಕದ ಒಂದು ಊರಿನ, ಬಹುಪಾಲು ಗೃಹಿಣಿಯರೇ ಆದ 42 ಓದುಗರನ್ನು, ಪ್ರೇಮಕಾದಂಬರಿಯಲ್ಲಿ ನಿಮಗೆ ಏನು ಬೇಕು, ಏನು ಬೇಡ ಎಂದು ಕೇಳಿದರು. ಊರಿನ ಹೆಸರನ್ನು ಬದಲಿಸಿ ಸ್ಮಿತ್‌ಟನ್ ಎಂದು ಕರೆದರು. ಅಲ್ಲಿನ ಪುಸ್ತಕದಂಗಡಿಯ ಹೆಂಗಸೊಬ್ಬಳು ಯಾವುದು ಓದಬಹುದು, ಯಾವುದು ಬೇಡ ಎಂದು ಒಂದು ಪುಟ್ಟ ಪತ್ರಿಕೆಯನ್ನೇ ಹೊರಡಿಸುತ್ತಿದ್ದಳು. ಆ ಓದುಗರಲ್ಲಿ ಕೆಲವರು ಪುಸ್ತಕ ಕೊಳ್ಳುವ ಮುಂಚೆ ಕೊನೆಯ ಪುಟ ತಿರುವಿ, ಸುಖವಾಗಿ ಮುಗಿಯುತ್ತದೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು. ಮನೆಯವರೆಲ್ಲರ ಬೇಕುಬೇಡ ನೋಡಿಕೊಂಡ ಮೇಲೆ ತಮಗೆಂದು ಉಳಿಯುವ ಆ ಒಂದು ಗಂಟೆಯನ್ನು ಎದೆಯೊಡೆಯುವ ಕಥೆಗೆ ಕೊಡಲು ಅವರು ತಯಾರಿರಲಿಲ್ಲ. ನಮ್ಮ ಬಾಡಿಗೆ ಲೈಬ್ರರಿಗಳ ಮೆಟ್ಟಿಲ ಮೇಲೆ ನಿಂತು ಕೊನೆಯ ಪುಟ ನೋಡಿದ ಹೆಂಗಸರು ನಮ್ಮ ಮನೆಗಳಲ್ಲೂ ಇದ್ದಾರೆ. ದೊಡ್ಡಮ್ಮ ಅವರಲ್ಲೊಬ್ಬರು.

ಇಲ್ಲಿ ಒಂದು ವಿಚಿತ್ರ ಇದೆ. ಅಮೆರಿಕದ ರೋಮ್ಯಾನ್ಸ್ ಲೇಖಕರ ಸಂಘ ಈ ಪ್ರಕಾರಕ್ಕೆ ಎರಡೇ ಲಕ್ಷಣ ಹೇಳಿತ್ತು: ಕಥೆಯ ನಡುಮನೆಯಲ್ಲಿ ಪ್ರೇಮ ಇರಬೇಕು, ಕೊನೆ ಮನಸ್ಸಿಗೆ ತೃಪ್ತಿಯನ್ನೂ ಭರವಸೆಯನ್ನೂ ಕೊಡಬೇಕು. ‘ಬ್ಯಾಟಲ್ ಆಫ್ ಲೈಫ್’ ಈ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಅಕ್ಕನಿಗೆ ಗಂಡ ಸಿಕ್ಕಿದ, ಅಪ್ಪನಿಗೆ ಮಗಳು ಸಿಕ್ಕಿದಳು, ಕೊನೆಯ ಸಾಲುಗಳಲ್ಲಿ ವಾರ್ಡನ್ ಊರಿಗೇ ಮರಳಿ ನೆಲೆಸಿ ಮೇರಿಯನ್‌ಳನ್ನು ಮದುವೆಯಾದನೆಂಬ ಸೂಚನೆಯೂ ಇದೆ. ಯಾರೂ ಸತ್ತಿಲ್ಲ, ಯಾರೂ ಒಂಟಿಯಾಗಿಲ್ಲ. ಹಾಗಿದ್ದೂ ಓದಿದವರಿಗೆ ತೃಪ್ತಿ ಇಲ್ಲ. ಎಲ್ಲ ಕೈಗೆ ಸಿಕ್ಕ ಮೇಲೂ ಎಲೆಯಲ್ಲಿ ಉಪ್ಪು ಬಡಿಸುವುದನ್ನು ಮರೆತ ಊಟದ ಹಾಗೆ.

ಯಾಕೆ ಹೀಗಾಯಿತೆಂಬುದಕ್ಕೆ ಡಿಕನ್ಸ್‌ನೇ ಒಂದು ಉತ್ತರ ಕೊಟ್ಟಿದ್ದಾನೆ. ಮುಂದೆ ಕಾದಂಬರಿಕಾರ ಬುಲ್ವರ್ ಲಿಟ್ಟನ್‌ಗೆ ಬರೆದ ಪತ್ರದಲ್ಲಿ, ಇಷ್ಟು ದೊಡ್ಡ ವಸ್ತುವನ್ನು ಇಷ್ಟು ಚಿಕ್ಕ ಕಥೆಗೆ ಬಳಸಿದ್ದು ತನಗೆ ಸಂಕಟ ತಂದಿತೆಂದೂ, ಅದರ ಸಾಧ್ಯತೆ ಗೊತ್ತಾಗುವಷ್ಟರಲ್ಲಿ ಬೇರೆ ವಸ್ತು ಹುಡುಕುವ ಹೊತ್ತು ಮೀರಿತ್ತೆಂದೂ, ದೊಡ್ಡ ಪುಸ್ತಕವಾಗಿ ಬರೆದಿದ್ದರೆ ಇನ್ನೂ ಚೆನ್ನಾಗಿ ಮಾಡಬಹುದಿತ್ತೆಂದೂ ಒಪ್ಪಿಕೊಂಡ. ಈ ಮಾತನ್ನು ನಾನು ಪೂರ್ತಿ ನಂಬುತ್ತೇನೆ.

ಕಿರುಕಾದಂಬರಿಗೆ ಅದರದೇ ಗಡಿಯಾರವಿದೆ. ‘ಕ್ಯಾರಲ್’ ನಡೆಯುವುದು ಒಂದೇ ರಾತ್ರಿಯಲ್ಲಿ. ಜಿಪುಣ ಸ್ಕ್ರೂಜ್ ಹಾಸಿಗೆಗೆ ಹೋದಾಗಿನಿಂದ ಬೆಳಿಗ್ಗೆ ಕಿಟಕಿ ತೆರೆಯುವವರೆಗೆ ನಾವು ಅವನ ಪಕ್ಕದಲ್ಲೇ ಇರುತ್ತೇವೆ. ಅವನ ಮನಸ್ಸು ಎಲ್ಲೆಲ್ಲಿ ಬಿರುಕು ಬಿಟ್ಟಿತು, ಎಲ್ಲಿ ಅತ್ತ, ಎಲ್ಲಿ ಹೆದರಿದ, ಎಲ್ಲವನ್ನೂ ಕಂಡಿದ್ದೇವೆ. ಹಾಗಾಗಿ ಬೆಳಗಿನ ಅವನ ಸಂತೋಷ ನಮಗೆ ದಕ್ಕುತ್ತದೆ. ‘ಬ್ಯಾಟಲ್ ಆಫ್ ಲೈಫ್’ ಒಂಬತ್ತು ವರ್ಷದ ಹರಹು, ಮೂರು ಭಾಗ. ಮೇರಿಯನ್ ಮನೆ ಬಿಟ್ಟ ರಾತ್ರಿಗೆ ಎರಡನೆಯ ಭಾಗ ಮುಗಿಯುತ್ತದೆ, ಮೂರನೆಯ ಭಾಗ ತೆರೆಯುವುದು ಆರು ವರ್ಷದ ಮೇಲೆ. ಇಡೀ ಕಥೆ ಯಾರ ತ್ಯಾಗದ ಮೇಲೆ ನಿಂತಿದೆಯೋ ಅವಳು ತ್ಯಾಗ ಮಾಡುತ್ತಿದ್ದ ಅಷ್ಟೂ ಕಾಲ ಪುಸ್ತಕದ ಹೊರಗಿದ್ದಾಳೆ. ಸೋದರತ್ತೆಯ ಮನೆಯಲ್ಲಿ ಅವಳ ಬೆಳಗು ಹೇಗಿತ್ತು? ಅಕ್ಕನ ಮದುವೆಯ ಸುದ್ದಿ ಬಂದ ದಿನ ಏನು ಮಾಡಿದಳು? ಊರಿನಲ್ಲಿ ತನ್ನ ಹೆಸರಿಗೆ ಹತ್ತಿದ ಮಸಿಯ ಬಗ್ಗೆ ಯೋಚಿಸಿದಳೇ? ಕೊನೆಗೆ ತೋಟದಲ್ಲಿ ನಿಂತು ಅವಳು ಆಡುವ ಕೆಲವು ಪುಟದ ಮಾತಿನಲ್ಲಿ ಇದೆಲ್ಲ ಮುಗಿದುಹೋಗುತ್ತದೆ.

ಇವತ್ತಿನ ಕ್ರಿಸ್ಮಸ್ ಪ್ರೇಮಕಥೆ ಬರೆಯುವವರು ಈ ಪಾಠವನ್ನು ಚೆನ್ನಾಗಿ ಕಲಿತಿದ್ದಾರೆ. ಅವರ ಕಥೆಗಳಲ್ಲಿ ಹಿಮ ಯಾಕೆ ಅಷ್ಟು ಬೀಳುತ್ತದೆಂದು ಯೋಚಿಸಿದ್ದೀರಾ? ಹಿಮ ಬಿದ್ದರೆ ದಾರಿ ಮುಚ್ಚುತ್ತದೆ, ಕುದುರೆಗಾಡಿ ಹೂತುಹೋಗುತ್ತದೆ, ಇಬ್ಬರು ಒಂದೇ ಸೂರಿನಡಿ ನಾಲ್ಕು ದಿನ ಸಿಕ್ಕಿಬೀಳುತ್ತಾರೆ. ಒಂದು ವರ್ಷ ಹಿಡಿಯುವ ಮಾತು ನಾಲ್ಕು ರಾತ್ರಿಯಲ್ಲಿ ಆಗಿಹೋಗುತ್ತದೆ. ಅಷ್ಟಕ್ಕೆ ನೂರಿಪ್ಪತ್ತು ಪುಟ ಸಾಕು.

ಆ ಕಥೆಗಳಲ್ಲಿ ಬಹುಪಾಲು ನಡೆಯುವುದು ರೀಜೆನ್ಸಿ ಕಾಲದಲ್ಲಿ, ಅಂದರೆ ಮೂರನೆಯ ಜಾರ್ಜ್ ದೊರೆಗೆ ಬುದ್ಧಿಭ್ರಮಣೆಯಾಗಿ ಮಗ ರಾಜ್ಯಭಾರ ನೋಡಿಕೊಂಡ 1811ರಿಂದ 1820ರವರೆಗಿನ ಕಾಲದಲ್ಲಿ. ಅವುಗಳ ಓದುಗರು ಬಲು ಎಚ್ಚರದವರು. 1815ರ ಹಳ್ಳಿಮನೆಯಲ್ಲಿ ಅಲಂಕರಿಸಿದ ಕ್ರಿಸ್ಮಸ್ ಮರ ನಿಲ್ಲಿಸಿದರೆ ಹಿಡಿದು ಕೇಳುತ್ತಾರೆ. ಷಾರ್ಲೆಟ್ ರಾಣಿ 1800ರಲ್ಲಿ ವಿಂಡ್ಸರ್‌ನಲ್ಲಿ ಒಂದು ಮರ ಇಡಿಸಿದ್ದು ನಿಜ. ಆದರೆ ಸಾಮಾನ್ಯ ಮನೆಗಳಿಗೆ ಅದು ಹರಡಿದ್ದು 1848ರಲ್ಲಿ ವಿಕ್ಟೋರಿಯಾ ರಾಣಿಯ ಕುಟುಂಬ ಮರದ ಸುತ್ತ ನಿಂತ ಚಿತ್ರ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ನಲ್ಲಿ ಬಂದ ಮೇಲೆ. ಅಚ್ಚಾದ ಕ್ರಿಸ್ಮಸ್ ಕಾರ್ಡು ಬಂದದ್ದೂ 1843ರಲ್ಲಿ, ‘ಕ್ಯಾರಲ್’ ಬಂದ ವರ್ಷವೇ. ರೀಜೆನ್ಸಿ ಮನೆಯಲ್ಲಿ ಹಸಿರು ಕೊಂಬೆಗಳಿರಬಹುದು, ಬಾಗಿಲಿಗೆ ಮಿಸಲ್‌ಟೋ ಕಟ್ಟಿ ಅದರಡಿ ಮುತ್ತು ಕೊಡಬಹುದು, ಜನವರಿ ಆರರ ಹೊತ್ತಿಗೆ ದೊಡ್ಡ ಕೇಕು ಕತ್ತರಿಸಬಹುದು. ಕಥೆಗೆ ಕಾಲವೆಂಬುದು ಬರೀ ಗೋಡೆಗೆ ಹಚ್ಚಿದ ಬಣ್ಣವಾಗಬಾರದು ಎಂಬುದು ಈ ಓದುಗರ ದೂರು. ಆ ದೂರನ್ನು ಡಿಕನ್ಸ್‌ನ ಮೇಲೂ ಹೊರಿಸಬಹುದು. ಹದಿನೆಂಟನೆಯ ಶತಮಾನ ಅವನ ಕಥೆಯಲ್ಲಿ ಚಿತ್ರಗಳ ಉಡುಪಿಗಿಂತ ಹೆಚ್ಚು ಒಳಗೆ ಇಳಿದಿಲ್ಲ. ಹಬ್ಬವೂ ಅಷ್ಟೆ. ಮೊದಲ ಭಾಗ ಸೇಬಿನ ತೋಟದಲ್ಲಿ, ಕೊಯ್ಲಿನ ಬೆಳಗಿನಲ್ಲಿ ತೆರೆಯುತ್ತದೆ. ಮೂರನೆಯದೂ ಅದೇ ತೋಟಕ್ಕೆ ಬಂದು ಮುಗಿಯುತ್ತದೆ. ನಡುವೆ ಒಂದು ಚಳಿಗಾಲದ ರಾತ್ರಿ, ಅಷ್ಟೇ. ದೆವ್ವವೂ ಹಬ್ಬದೂಟವೂ ಸಿಗುತ್ತದೆಂದು ಐದು ಶಿಲ್ಲಿಂಗ್ ಕೊಟ್ಟವರಿಗೆ ನಿರಾಸೆ ಆದದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಮರ, ಕಾರ್ಡುಗಳ ತಪ್ಪನ್ನು ಓದುಗರು ಬೇಗ ಕ್ಷಮಿಸುತ್ತಾರೆ. ಕೇಳದೆ ತೀರ್ಮಾನಿಸುವುದನ್ನು ಕ್ಷಮಿಸುವುದಿಲ್ಲ. ಕೋರ್ಟ್ನಿ ಮಿಲನ್ ಎಂಬ ಲೇಖಕಿಯ ‘ದಿಸ್ ವಿಕೆಡ್ ಗಿಫ್ಟ್’ 2009ರಲ್ಲಿ ‘ದಿ ಹಾರ್ಟ್ ಆಫ್ ಕ್ರಿಸ್ಮಸ್’ ಎಂಬ ಸಂಕಲನದಲ್ಲಿ ಬಂತು. ಇದರಲ್ಲಿ ಡ್ಯೂಕೂ ಇಲ್ಲ, ಅರಮನೆಯೂ ಇಲ್ಲ. ಲಂಡನ್ನಿನಲ್ಲಿ ಅಪ್ಪನ ಬಾಡಿಗೆ ಲೈಬ್ರರಿ ನೋಡಿಕೊಳ್ಳುವ ಲವೀನಿಯಾ, ಅಲ್ಲಿಗೆ ಪುಸ್ತಕಕ್ಕೆ ಬರುವ ಬಡ ಗುಮಾಸ್ತ ವಿಲಿಯಂ. ಅವಳ ತಮ್ಮ ಬರೆದುಕೊಟ್ಟ ಸಾಲಪತ್ರವನ್ನು ವಿಲಿಯಂ ಕೊಂಡುಕೊಂಡು, ಅದನ್ನು ಹಿಡಿದು ಅವಳನ್ನು ಬಲವಂತಪಡಿಸುತ್ತಾನೆ. ಮುಂದೆ ಅವನು ಎಷ್ಟು ಪಶ್ಚಾತ್ತಾಪ ಪಟ್ಟರೂ ಅವನನ್ನು ನಾಯಕನೆಂದು ಒಪ್ಪಲಾರೆವೆಂದ ಓದುಗರಿದ್ದಾರೆ. ಆ ದೃಶ್ಯದಲ್ಲಿ ನಿಜವಾದ ಬಲ ಲವೀನಿಯಾಳ ಕೈಯಲ್ಲೇ ಇತ್ತೆಂದು ಓದಿ, ಕಥೆಯನ್ನು ಮೆಚ್ಚಿದವರೂ ಇದ್ದಾರೆ. ನಾನು ಎರಡನೆಯ ಗುಂಪಿನವಳು, ಆದರೆ ಮೊದಲ ಗುಂಪಿನವರ ಕೋಪ ನನಗೆ ಅರ್ಥವಾಗುತ್ತದೆ. ಮಿಲನ್ ಕನಿಷ್ಠ ಆ ಪ್ರಶ್ನೆಯನ್ನು ಕಥೆಯ ನಡುವೆ ತಂದಿಟ್ಟು, ಇಬ್ಬರನ್ನೂ ಅದಕ್ಕೆ ಉತ್ತರಿಸುವಂತೆ ಮಾಡುತ್ತಾರೆ. ಮೇರಿಯನ್ ಒಳ್ಳೆಯದಕ್ಕೇ ಮಾಡಿದಳು, ನಿಜ. ಆದರೂ ಇಬ್ಬರ ಬಾಳನ್ನು ಅವರನ್ನು ಕೇಳದೆ ತೀರ್ಮಾನಿಸಿದಳು. ಅದನ್ನು ಪುಸ್ತಕದಲ್ಲಿ ಒಬ್ಬರೂ ಅವಳ ಮುಂದೆ ಆಡುವುದಿಲ್ಲ. ಅಕ್ಕ ಅಪ್ಪಿಕೊಂಡು ಅಳುತ್ತಾಳೆ. ಒಂದು ಗಳಿಗೆ ಸಿಟ್ಟಾಗಿದ್ದರೆ ನನಗೆ ಗ್ರೇಸ್ ಇನ್ನೂ ಹತ್ತಿರದವಳಾಗುತ್ತಿದ್ದಳು.

ಈ ಕಥೆಯನ್ನು ಡಿಕನ್ಸ್‌ನ ಬದುಕಿಗೆ ಹಚ್ಚಿ ಓದುವವರೂ ಬಹಳ. ಹೆಂಡತಿ ಕ್ಯಾಥರೀನ್‌ಳ ತಂಗಿ ಮೇರಿ 1837ರಲ್ಲಿ ಹದಿನೇಳನೆಯ ವಯಸ್ಸಿಗೆ ಅವನ ಮನೆಯಲ್ಲೇ ತೀರಿಕೊಂಡಳು. ಅವಳ ಉಂಗುರವನ್ನು ಅವನು ಬೆರಳಿನಿಂದ ತೆಗೆಯಲಿಲ್ಲ. 1842ರಿಂದ ಇನ್ನೊಬ್ಬ ತಂಗಿ ಜಾರ್ಜಿನಾ ಆ ಮನೆಯಲ್ಲಿದ್ದಳು, 1858ರಲ್ಲಿ ಗಂಡ ಹೆಂಡತಿ ಬೇರೆಯಾದಾಗಲೂ ಅವಳು ಅವನ ಮನೆಯಲ್ಲೇ ಉಳಿದಳು. ಒಬ್ಬ ಗಂಡಸು, ಅಕ್ಕ ತಂಗಿ ಎಂಬ ಚೌಕಟ್ಟು ಅವನ ಮನಸ್ಸಿಗೆ ಹತ್ತಿರವಾದದ್ದು ಹೇಗೆಂದು ಅದರಿಂದ ತಿಳಿಯಬಹುದು. ಪುಸ್ತಕ ಒಳ್ಳೆಯದೋ ಅಲ್ಲವೋ ಎಂಬುದು ಅದರಿಂದ ತಿಳಿಯುವುದಿಲ್ಲ.

ಇಷ್ಟೆಲ್ಲ ದೂರಿದ ಮೇಲೆ, ಈ ಪುಸ್ತಕವನ್ನು ನಾನು ಯಾಕೆ ಮತ್ತೆ ಮತ್ತೆ ಓದುತ್ತೇನೆಂದು ಹೇಳಬೇಕು. ಎರಡು ಕಾರಣ.

ಮೊದಲನೆಯದು ಆರಂಭದ ಪುಟಗಳು. ಡಾಕ್ಟರ ಮನೆ ಇರುವ ಜಾಗದಲ್ಲಿ ಒಂದಾನೊಂದು ಕಾಲದಲ್ಲಿ ಘೋರ ಯುದ್ಧ ನಡೆದಿತ್ತು. ಸಾವಿರಾರು ಜನ ಬಿದ್ದ ನೆಲದ ಮೇಲೆ ಮತ್ತೆ ಉಳುಮೆ ನಡೆಯುತ್ತದೆ, ಕುರಿ ಮೇಯುತ್ತವೆ, ಮಕ್ಕಳು ಆಡುತ್ತವೆ. ಆದರೂ ಬೆಳೆಯ ನಡುವೆ ಅಲ್ಲಲ್ಲಿ ಕಡು ಹಸಿರು ಮಚ್ಚೆಗಳು ವರ್ಷ ವರ್ಷವೂ ಏಳುತ್ತವೆ, ಅದರಡಿ ಏನಿದೆಯೆಂದು ಎಲ್ಲರಿಗೂ ಗೊತ್ತು. ಅಲ್ಲಿ ಬೆಳೆದ ಪೈರಿನ ಸಿವುಡುಗಳಿಗೆ ಕದನದ ಸಿವುಡು ಎಂದು ಹೆಸರು, ಸುಗ್ಗಿಯ ಕೊನೆಯ ಗಾಡಿಗೆ ಅವನ್ನು ಯಾರೂ ಏರಿಸುವುದಿಲ್ಲ. ಕಣದ ಪೂಜೆ, ಸುಗ್ಗಿ ಕಂಡ ಯಾರಿಗೂ ಆ ಹಿಂಜರಿಕೆ ಅರ್ಥವಾಗುತ್ತದೆ. ಹಬ್ಬದ ಪುಸ್ತಕವೊಂದು ಹೀಗೆ ಹೆಣ ಹೂತ ಹೊಲದಿಂದ ಶುರುವಾಗಬಹುದೆಂದು ಅವತ್ತು ಯಾರು ಎಣಿಸಿದ್ದರು? ನಾಲ್ಕೈದು ಪುಟದಲ್ಲಿ ನೂರು ವರ್ಷ ಕಳೆದುಹೋಗುವ ಈ ಬರವಣಿಗೆ ಡಿಕನ್ಸ್‌ನ ಅತ್ಯುತ್ತಮ ಪುಟಗಳ ಸಾಲಿಗೆ ಸೇರತಕ್ಕದ್ದು.

ಎರಡನೆಯದು ಕ್ಲೆಮೆನ್ಸಿ ನ್ಯೂಕಮ್. ಡಾಕ್ಟರ ಮನೆಯ ಕೆಲಸದವಳು. ಮೊಣಕೈ ಸದಾ ಎಲ್ಲಾದರೂ ತಾಗಿ ತರಚಿರುತ್ತದೆ, ಕಾಲು ಎತ್ತಲೋ ಹೋಗುತ್ತದೆ, ಜೇಬಿನಲ್ಲಿ ಪ್ರಪಂಚದ ಸಾಮಾನೆಲ್ಲ ಇರುತ್ತದೆ. ಅವಳಿಗೆ ಓದು ಬರಹ ಹೆಚ್ಚು ಗೊತ್ತಿಲ್ಲ. ಇಡೀ ಗ್ರಂಥಾಲಯವೆಂದರೆ ಎರಡು ವಸ್ತು: ಹೊಲಿಯುವಾಗ ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಲೋಹದ ಟೊಪ್ಪಿಗೆ, ಜಾಯಿಕಾಯಿ ತುರಿಯುವ ಪುಟ್ಟ ತುರಿಮಣೆ. ಮರೆತು ಮನ್ನಿಸು ಎಂಬರ್ಥದ ಮಾತು ಒಂದರ ಮೇಲೆ, ನಿನಗೆ ಬೇಕಾದಂತೆ ಇತರರಿಗೂ ಮಾಡು ಎಂಬರ್ಥದ ಮಾತು ಇನ್ನೊಂದರ ಮೇಲೆ ಕೆತ್ತಿದೆ. ಬದುಕೇ ಒಂದು ದೊಡ್ಡ ಪ್ರಹಸನವೆಂದು ಡಾಕ್ಟರು ಪುಸ್ತಕ ಓದಿ ತೀರ್ಮಾನಿಸಿದ್ದರೆ, ಇವಳು ಆ ಎರಡು ಸಾಲಿನಲ್ಲೇ ಬಾಳುತ್ತಾಳೆ. ಮೇರಿಯನ್‌ಳ ಗುಟ್ಟಿಗೆ ಕಾವಲು 
ನಿಂತವಳೂ ಅವಳೇ. ಮುಂದೆ ಅದೇ ಮನೆಯ ಆಳು ಬ್ರಿಟನ್‌ನನ್ನು ಮದುವೆಯಾಗಿ ಒಂದು ತಂಗುಮನೆ ನಡೆಸುತ್ತಾಳೆ. ತಂಗುಮನೆಯ ಹೆಸರೇ ‘ಜಾಯಿಕಾಯಿ ತುರಿಮಣೆ’. ಪ್ರೇಮವೆಂಬ ಪದ ಉಚ್ಚರಿಸದೆ ಬೆಳೆದ ಅವರಿಬ್ಬರ ಸಂಸಾರವೇ ಈ ಪುಸ್ತಕದ ನಿಜವಾದ ಪ್ರೇಮಕಥೆ ಎಂದು ನನ್ನ ಅಭಿಪ್ರಾಯ. ದೊಡ್ಡಮ್ಮನಿಗೂ ಇಷ್ಟವಾದದ್ದು ಅವಳೊಬ್ಬಳೇ.

“ಆ ಕೆಲಸದ ಹುಡುಗಿ ಸರಿಯಾಗಿದಾಳೆ ಕಣೇ. ಅವಳು ಯಾರಿಗೂ ಗೊತ್ತಾಗದ ಹಾಗೆ ಏನೂ ಕೊಡಲಿಲ್ಲ, ಎದುರಿಗೇ ನಿಂತು ಕೆಲಸ ಮಾಡಿದ್ಲು” ಅಂದರು. ಮತ್ತೆ ಸ್ವಲ್ಪ ಹೊತ್ತಿಗೆ, “ಆದ್ರೂ ಆ ತಂಗಿ ಪಾಪ. ಆರು ವರ್ಷ ಅಲ್ಲಿ ಏನ್ ಮಾಡ್ತಿತ್ತು ಆ ಮಗು? ಅದನ್ನ ಓದು” ಎಂದು ಕೇಳಿದರು. ಅದು ಪುಸ್ತಕದಲ್ಲಿ ಇಲ್ಲ ದೊಡ್ಡಮ್ಮ ಅಂದೆ. “ಅಲ್ಲೇ ಇದ್ದಿದ್ದು ಕಥೆ” ಅಂದರು.

ಹದಿಮೂರು ವರ್ಷದ ಮೇಲೆ, 1859ರಲ್ಲಿ, ಡಿಕನ್ಸ್ ‘ಎ ಟೇಲ್ ಆಫ್ ಟು ಸಿಟೀಸ್’ ಬರೆದ. ಅಲ್ಲಿಯೂ ಒಬ್ಬ ತಾನು ಪ್ರೀತಿಸಿದವಳ ಸುಖಕ್ಕಾಗಿ ತನ್ನನ್ನೇ ಕೊಟ್ಟುಕೊಳ್ಳುತ್ತಾನೆ. ಸಿಡ್ನಿ ಕಾರ್ಟನ್ ಸಾವಿಗೆ ಮುಂಚೆ ಪ್ಯಾರಿಸ್ಸಿನ ಬೀದಿಗಳಲ್ಲಿ ರಾತ್ರಿಯಿಡೀ ನಡೆಯುವುದನ್ನು ಓದುಗ ಜೊತೆಗೇ ನಡೆದು ನೋಡುತ್ತಾನೆ. ಈ ಬಾರಿ ಲೇಖಕ ತೆರೆ ಇಳಿಬಿಡಲಿಲ್ಲ. ಮೇರಿಯನ್‌ಗೆ ಕೊಡದ ಜಾಗವನ್ನು ಅವನು ಕಾರ್ಟನ್‌ಗೆ ಕೊಟ್ಟ.

‘ಬ್ಯಾಟಲ್ ಆಫ್ ಲೈಫ್’ ಹಕ್ಕುಸ್ವಾಮ್ಯ ಮುಗಿದ ಪುಸ್ತಕ, ಡಿಕನ್ಸ್‌ನ ಕ್ರಿಸ್ಮಸ್ ಕಥೆಗಳ ಯಾವುದೇ ಸಂಪುಟದಲ್ಲಿ ‘ಕ್ಯಾರಲ್’ನ ನಂತರದ ಪುಟಗಳಲ್ಲಿ ಸಿಗುತ್ತದೆ. ಎರಡು ಸಂಜೆ ಸಾಕು. ಈ ಡಿಸೆಂಬರ್‌ನಲ್ಲಿ ಓದಿ. ಎರಡನೆಯ ಭಾಗ ಮುಗಿದಾಗ ಪುಸ್ತಕ ಮಡಚಿಟ್ಟು, ಮೂರನೆಯದಕ್ಕೆ ಹೋಗುವ ಮುಂಚೆ ಆ ಆರು ವರ್ಷವನ್ನು ಮನೆಯಲ್ಲಿ ಹಿರಿಯರೊಬ್ಬರ ಮುಂದೆ ಹೇಳಿ ನೋಡಿ.